ಅದೇ ಟೇಪಿನ ರಕ್ತಪರೀಕ್ಷೆ

ಆ ಬೆಳಿಗ್ಗೆ ಹೊಲಿಗೆ ಅಂಗಡಿಯಲ್ಲಿ ನಾದಿನಿಯ ಕಾಲು ಮಷಿನ್ನಿನ ಪೆಡಲ್ ಮೇಲೆ ನಿಂತರೆ ತಾನೆ! ಅವಳಿಗೆ ಹೆಪಟೈಟಿಸ್-ಸಿ ಎಂಬ ಲಿವರಿನ ಸೋಂಕಿಗೆ ಕೊಟ್ಟ ಮಾತ್ರೆಗಳು ಮುಗಿದು ಮೂರು ತಿಂಗಳಾಗಿತ್ತು. ಈಗ ರಕ್ತದಲ್ಲಿ ವೈರಸ್ ಕಾಣದಿದ್ದರೆ ಕಾಯಿಲೆ ಗುಣವಾದಂತೆ ಎಂದು ಡಾಕ್ಟರು ಹೇಳಿದ್ದರು. ರಕ್ತ ಕೊಟ್ಟಾಗಿತ್ತು, ಫಲಿತಾಂಶ ಇವತ್ತೇ.

“ಅತ್ತಿಗೆ, ಹೋಗಿ ತರ್ಲಾ?”

“ಹೋಗೇ ತಾಯಿ! ಇಲ್ಲೇ ಇದ್ರೆ ಗಿರಾಕಿ ಕೋಟಿಗೆ ಮೂರು ತೋಳು ಹಚ್ತೀಯ.”

ಹಾರಿಕೊಂಡು ಹೋದವಳು ಕಾಲೆಳೆದುಕೊಂಡು ಬಂದಳು. ಕೈಯಲ್ಲಿದ್ದ ಕಾಗದವನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಗೋಡೆಗೆ ಒರಗಿದಳು. “ಮತ್ತೆ ಪಾಸಿಟಿವ್. ನುಂಗಿದ ಮಾತ್ರೆಯೆಲ್ಲ ನೀರುಪಾಲು.”

ಅತ್ತಿಗೆ ಸುಮ್ಮನೆ ಕೂರುವ ಜಾತಿಯಲ್ಲ. ಕತ್ತರಿ ಕೆಳಗಿಟ್ಟು, ಅಂಗಡಿಯ ಬಾಗಿಲೆಳೆದು, ನಾದಿನಿಯ ರಟ್ಟೆ ಹಿಡಿದು ಲ್ಯಾಬಿಗೆ ನಡೆದಳು. ಕಿಟಕಿಯ ಹಿಂದಿದ್ದ ಲ್ಯಾಬಿನ ಹೆಂಗಸು ಕಾಗದವನ್ನು ತಿರುಗಿಸಿ ನೋಡಿ ಹುಬ್ಬೇರಿಸಿದಳು.

“ಡಾಕ್ಟರು ಇದೇ ಪರೀಕ್ಷೆ ಬರೆದಿದ್ರಾ?”

ನಾದಿನಿ ತಡವರಿಸಿದಳು. ಡಾಕ್ಟರ ಚೀಟಿ ಪರ್ಸಿನಲ್ಲೇ ಇತ್ತು. ಅದನ್ನು ಕೊಡುವ ಬದಲು, ಕಾಯಿಲೆ ಮೊದಲು ಗೊತ್ತಾದಾಗಿನ ವರದಿ ತೋರಿಸಿ, ಇದನ್ನೇ ಮಾಡಿ ಎಂದಿದ್ದಳು. “ನಮ್ಮಂಗಡೀಲಿ ಮೊದಲು ಯಾವ ಟೇಪಲ್ಲಿ ಅಳೀತೀವೋ ಕೊನೇಗೂ ಅದರಲ್ಲೇ ಅಳೆಯೋದು. ಬೇರೆ ಟೇಪು ಹಿಗ್ಗಿದ್ರೆ ಉಡುಪೇ ಹಾಳು. ಅದಕ್ಕೇ...”

ಲ್ಯಾಬಿನ ಹೆಂಗಸು ನಕ್ಕುಬಿಟ್ಟಳು. “ಅಯ್ಯೋ ಅಕ್ಕಾ! ಇದು ಆ್ಯಂಟಿಬಾಡಿ ಪರೀಕ್ಷೆ. ವೈರಸ್ ಯಾವತ್ತಾದ್ರೂ ಮೈಗೆ ಬಂದಿತ್ತಾ ಅಂತಷ್ಟೇ ಇದು ಹೇಳೋದು. ಗುಣ ಆದ್ಮೇಲೂ ಪಾಸಿಟಿವ್ ಅಂತಾನೇ ಬರುತ್ತೆ. ಈಗ ಇದೆಯಾ ಇಲ್ವಾ ಅಂತ ಗೊತ್ತಾಗ್ಬೇಕಾದ್ರೆ ಆರ್‌ಎನ್‌ಎ ಪರೀಕ್ಷೆ ಆಗ್ಬೇಕು. ಚೀಟೀಲಿ ಅದೇ ಇರುತ್ತೆ, ನೋಡಿ.”

ಇತ್ತು. ನಾದಿನಿಯ ಮುಖ ನಿಧಾನವಾಗಿ ಅರಳಿತು. “ಅಂದ್ರೆ, ಹೊಲಿಗೆ ಬಿಚ್ಚಿದ್ಮೇಲೂ ಬಟ್ಟೇಲಿ ಸೂಜಿ ತೂತು ಉಳಿಯುತ್ತಲ್ಲ, ಹಾಗೆ?”

“ಹಾಗೇ. ನಿಮ್ಮದ್ರಲ್ಲಿ ದಾರ ಉಳಿದಿದೆಯಾ ನೋಡೋಣ, ಕೈ ಕೊಡಿ.”

ಅಲ್ಲಿಂದ ಮುಂದಿನ ದಿನಗಳಲ್ಲಿ ಫೋನು ಗುಂಯ್ ಎಂದರೆ ಸಾಕು, ನಾದಿನಿ ಕೈಲಿದ್ದ ಬಟ್ಟೆ ಬಿಟ್ಟು ಓಡುತ್ತಿದ್ದಳು. ಕೊನೆಗೆ ಡಾಕ್ಟರ ಕರೆ ಬಂದಾಗ ಅವಳು ಗಿರಾಕಿಯೊಬ್ಬರಿಗೆ ಅರ್ಧ ಹೊಲಿದ ಕೋಟು ತೊಡಿಸಿ, ತೋಳಿಗೆ ಪಿನ್ನು ಚುಚ್ಚುತ್ತಿದ್ದಳು.

“ವೈರಸ್ ಪತ್ತೆಯಾಗಿಲ್ಲ,” ಎಂದರು ಡಾಕ್ಟರು. “ಗುಣ ಆಗಿದೆ.”

“ಇನ್ನೊಂದ್ಸಲ ಹೇಳಿ ಡಾಕ್ಟ್ರೇ!”

ಅವರು ಹೇಳಿದರು. ರಕ್ತದಿಂದ ರಕ್ತಕ್ಕೆ ಅದು ಮತ್ತೆ ಅಂಟಬಹುದು, ಜೋಪಾನ ಎಂದೂ ಹೇಳಿದರು. ಹ್ಞೂಂ ಹ್ಞೂಂ ಎನ್ನುತ್ತಲೇ ಅವಳು ಕುಣಿಯುತ್ತಿದ್ದಳು.

“ಏನಂತೇ? ಬಾಯಿ ಬಿಡೇ!” ಅತ್ತಿಗೆ ಮಷಿನ್ನು ಬಿಟ್ಟು ಓಡಿಬಂದಳು.

“ದಾರ ಇಲ್ಲ ಅತ್ತಿಗೆ! ಒಂದೆಳೆ ದಾರಾನೂ ಇಲ್ಲ!”

“ದಾರ ಇಲ್ವಾ? ಹಾಗಾದ್ರೆ ನನ್ನ ಕೋಟು?” ಎಂದರು ಗಿರಾಕಿ ಗಾಬರಿಯಿಂದ.

ಅತ್ತಿಗೆ ನಾದಿನಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಇಳಿದ ಮೇಲೆ ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು. “ಎಷ್ಟು ವರ್ಷ ಒಂದೇ ಸೂಜಿ ಇಬ್ಬರ ಬೆರಳಿಗೂ ಚುಚ್ಚಿದೆ. ಹೆದರ್ಕೊಂಡು ದಿನ ದೂಡ್ತಿದ್ದೆ ಕಣೇ. ನಂದೂ ನೋಡಿಸೋಣ್ವಾ?”

“ಈಗ್ಲೇ ನಡೀರಿ! ಇದ್ರೆ ಮಾತ್ರೆ ಇದೆ, ಇಲ್ದಿದ್ರೆ ಚಿಂತೆ ಇಲ್ಲ.”

“ಯಾವ ಪರೀಕ್ಷೆ ಕೇಳ್ಬೇಕು?”

“ನಿಮಗೆ ಮೊದಲು ಆ್ಯಂಟಿಬಾಡಿ. ಅದು ಪಾಸಿಟಿವ್ ಬಂದ್ರೆ ಇನ್ನೊಂದು.” ನಾದಿನಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಗಿರಾಕಿಯ ಮೈಮೇಲಿನ ಕೋಟನ್ನು ಬಿಚ್ಚಿಸಲು ಇಬ್ಬರಿಗೂ ನೆನಪಾಗಲಿಲ್ಲ.