ಅರ್ಧ ಪಾಠ

ಯಾರಾದರೂ ಮೈ ಮುಟ್ಟಬಾರದ ಹಾಗೆ ಮುಟ್ಟಿದರೆ ಏನು ಮಾಡಬೇಕು ಅಂತ ಮಕ್ಕಳಿಗೆ ಹೇಳಿಕೊಡಲು ನರ್ಸಮ್ಮ ಶಾಲೆಗೆ ಬರುವವರಿದ್ದರು. ಅದಕ್ಕೆಂದೇ ಪೋಷಕರ ಸಭೆ ಕರೆದಿದ್ದರು. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮ.

"ಗೊತ್ತಿಲ್ದೋರ ವಿಷಯ ಹೇಳ್ಕೊಡಿ, ಬೇಡ ಅನ್ನಲ್ಲ. ಮನೆಗೆ ಬಂದು ಹೋಗೋ ಮಾವ, ಚಿಕ್ಕಪ್ಪ, ಮೇಷ್ಟ್ರು, ಇವರ ಮೇಲೂ ಯಾಕ್ರೀ ಅನುಮಾನ ಹುಟ್ಟಿಸ್ತೀರಾ?"

"ಹೆಚ್ಚಾಗಿ ಗೊತ್ತಿರೋರಿಂದಲೇ ಆಗೋದಮ್ಮ," ಎಂದರು ನರ್ಸಮ್ಮ.

"ನಮ್ಮಲ್ಲಿ ಅಂಥೋರು ಯಾರೂ ಇಲ್ಲ ಬಿಡಿ!"

ಸಭೆ ಚಪ್ಪಾಳೆ ತಟ್ಟಿತು. ಪೋಷಕರನ್ನು ಎದುರು ಹಾಕಿಕೊಳ್ಳುವ ಧೈರ್ಯ ಹೆಡ್‌ಮೇಷ್ಟ್ರಿಗೆ ಎಲ್ಲಿಂದ ಬರಬೇಕು? ಗೊತ್ತಿರುವವರ ಬಗೆಗಿನ ಭಾಗವನ್ನೇ ತೆಗೆಸಿದರು. ಪಾಠ ಮುಗಿದಾಗ "ಅರ್ಥ ಆಯ್ತಾ ಮಕ್ಕಳೇ?" ಎಂದು ಕೇಳಿದರು. "ಆಯ್ತು ಸಾರ್!" ಎಂದು ಮಕ್ಕಳೆಲ್ಲ ಕೂಗಿದರು. ಕಾರ್ಯಕ್ರಮ ಯಶಸ್ವಿ ಅಂತ ಫೋಟೋ ಹೊಡೆಸಿಕೊಂಡಿದ್ದೂ ಆಯಿತು. ಮಕ್ಕಳು ಕೂಗಿದರೆ ಕಲಿತ ಹಾಗೇನು?

ನರ್ಸಮ್ಮನಿಗೆ ಆ ಕೂಗಿನ ಮೇಲೆ ನಂಬಿಕೆ ಇರಲಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಬಂದು, ಒಬ್ಬೊಬ್ಬರನ್ನೇ ಬೇರೆ ಕೂರಿಸಿಕೊಂಡು, "ಹೀಗಾದ್ರೆ ಯಾರಿಗೆ ಹೇಳ್ತೀಯಾ?" ಎಂದು ಕೇಳಿದರು. ಟೈಲರಮ್ಮನ ಮಗಳು ತಲೆ ತಗ್ಗಿಸಿದಳು.

"ಗೊತ್ತಿರೋರು ಮಾಡಿದ್ರೆ ಅದು ತಪ್ಪಲ್ಲ ಅಲ್ವಾ ಸಿಸ್ಟರ್?"

ಮೆಲ್ಲಗೆ ಕೇಳುತ್ತ ಹೋದಾಗ ಹುಡುಗಿ ಎಲ್ಲ ಹೇಳಿದಳು. ಹಾಗೆ ಮಾಡಿದವನು ಮನೆಗೇ ಬಂದು ಹೇಳಿಕೊಡುತ್ತಿದ್ದ ಟ್ಯೂಷನ್ ಮೇಷ್ಟ್ರು. ನರ್ಸಮ್ಮ ಅಂದೇ ಟೈಲರಮ್ಮನಿಗೆ ವಿಷಯ ತಿಳಿಸಿದರು. ಆಚೆ ಕೋಣೆಯಲ್ಲಿ ಮಗಳು ಲೆಕ್ಕ ಮಾಡುತ್ತಿದ್ದಾಳೆಂದು ನಂಬಿ, ಈಚೆ ತಾನು ನಿಶ್ಚಿಂತೆಯಿಂದ ಹೊಲಿಯುತ್ತಿದ್ದೆನಲ್ಲ! ಅವಳು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಅವರು ಬಂದಾಗ ನಾನು ಅಡಗಿಕೊಂಡ್ರೆ, ದೊಡ್ಡೋರಿಗೆ ಮರ್ಯಾದೆ ಕೊಡು ಅಂತ ನೀನೇ ಬೈತಿದ್ದೆಯಲ್ಲಮ್ಮ."

ಟೈಲರಮ್ಮ ದೂರು ಕೊಟ್ಟಳು, ಪೊಲೀಸರು ಅವನನ್ನು ಹಿಡಿದರು. ಆದರೆ ಮುಂದಿನ ಸಭೆಯಲ್ಲಿ ಒಬ್ಬರು ಏನೆಂದರು ಗೊತ್ತೇ? "ಇಂಥ ಪಾಠ ಮಾಡಿದ್ದಕ್ಕೇ ಇಷ್ಟೆಲ್ಲ ರಾದ್ಧಾಂತ. ನಿಲ್ಲಿಸಿಬಿಡಿ."

ಟೈಲರಮ್ಮ ಎದ್ದಳು. "ಪಾಠ ಮಾಡಿದ್ದಕ್ಕಲ್ಲ ಕಣ್ರೀ, ಅರ್ಧ ಮಾಡಿದ್ದಕ್ಕೆ. ಆ ಅರ್ಧ ತೆಗೆಸಿದವಳು ನಾನೇ. ಈ ಸಲ ಪೂರ್ತಿ ಮಾಡ್ಸಿ."

ಆ ಸಲ ಪಾಠ ಪೂರ್ತಿ ನಡೆಯಿತು.

ತಾಯಂದಿರೇ, ತಂದೆಯರೇ, ಮೇಷ್ಟ್ರುಗಳೇ, ನಾಚಿಕೆಗೆ ಅಂಜಿ ಪಾಠಕ್ಕೆ ಕತ್ತರಿ ಹಾಕಬೇಡಿ. ಎಲ್ಲರೆದುರು "ಆಯ್ತು" ಎಂದು ಕೂಗಿಸಿ ಪಾಠ ಗೆದ್ದಿತು ಎನ್ನಬೇಡಿ. ಸ್ವಲ್ಪ ದಿನ ಬಿಟ್ಟು, ಮಗುವಿಗೆ ನಂಬಿಕೆ ಇರುವವರಿಂದ, ಬೇರೆಯಾಗಿ ಕೇಳಿಸಿ. ಮಗು ಹೇಳಿದರೆ ನಂಬಿ, ದೂರು ಕೊಡಿ. ಈ ಹುಡುಗಿಗೆ ನಾವು ಹೇಳಿಕೊಟ್ಟಿದ್ದು ತಡವಾಯಿತು. ನಿಮ್ಮ ಮಗುವಿಗೆ ಇವತ್ತೇ ಹೇಳಿ.