ತಲೆಕೆಳಗಾದ ಏಳನೆಯ ಮಡಿಕೆ

ಎಲ್ಲರೂ ರಟ್ಟಿನಜ್ಜ ಎಂದು ಕರೆಯುತ್ತಿದ್ದ ಮುದುಕ ಪುಸ್ತಕ ಕಟ್ಟುವ ಕೆಲಸದಲ್ಲೇ ನಲವತ್ತೆರಡು ವರ್ಷ ಸವೆಸಿದ್ದ. ಹೊಲಿಗೆ, ಅಂಟು, ರಟ್ಟು ಅವನ ಪಾಲು. ಅಚ್ಚಾದ ಹಾಳೆಗಳನ್ನು ಮಡಿಸಿ, ಮಡಿಕೆಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಗುಡ್ಡೆಯಿಟ್ಟು, ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿಕೊಳ್ಳುತ್ತ ಮೇಜು ಸುತ್ತಿ ಪುಸ್ತಕ ಜೋಡಿಸುವುದು ಹೆಂಡತಿಯ ಪಾಲು. ಅವಳು ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅಂದಿನಿಂದ ಮೇಜಿನ ಮೇಲೆ ಧೂಳು ಬಿಟ್ಟರೆ ಬೇರೇನೂ ಕೂತಿರಲಿಲ್ಲ.

ಅಂಗಡಿ ಮುಚ್ಚಿ ತನ್ನ ಮನೆಯಲ್ಲಿರಲು ಬನ್ನಿ ಎಂದು ನಾದಿನಿ ದುಂಬಾಲು ಬಿದ್ದಿದ್ದಳು. "ಕೈ ನಡುಗುತ್ತೆ, ಕಣ್ಣು ಮಂಜು. ಇನ್ನೂ ಯಾರನ್ನ ಮೆಚ್ಚಿಸೋಕೆ ಭಾವ ಈ ದುಡಿಮೆ?"

ಅಷ್ಟರಲ್ಲಿ ಚರ್ಚಿನ ಸಭೆಯ ಹೊಸ ಹಾಡಿನ ಪುಸ್ತಕದ ಹಾಳೆಗಳು ಬಂದವು. ನೂರಿಪ್ಪತ್ತು ಪ್ರತಿ, ಭಾನುವಾರಕ್ಕೆ ಬೇಕು. ಅಜ್ಜ ಮೊಣಕಾಲೂರಿ ದೇವರ ಮುಂದೆ ಒಂದು ಷರತ್ತು ಇಟ್ಟ. ಇದು ಒಂದೂ ತಪ್ಪಿಲ್ಲದೆ ಮುಗಿದರೆ ನಾನು ನಿನಗೆ ಇನ್ನೂ ಬೇಕಾದವನೆಂದು ತಿಳಿದು ಅಂಗಡಿ ನಡೆಸುತ್ತೇನೆ. ತಪ್ಪಿದರೆ ಭಾನುವಾರವೇ ಬೀಗದ ಕೈ ನಾದಿನಿಗೆ.

ಹನ್ನೆರಡು ಗುಡ್ಡೆ, ನೂರಿಪ್ಪತ್ತು ಸುತ್ತು. ಅಜ್ಜ ತಾನೇ ನಡೆದ, ತಾನೇ ಹೊಲಿದ. ದಾರ ನೋಡಿದ, ಮೂಲೆ ನೋಡಿದ, ಬೆನ್ನು ನೆಟ್ಟಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಅಕ್ಷರ ಮಾತ್ರ ನೋಡಲಿಲ್ಲ. ಅದನ್ನು ನೋಡುತ್ತಿದ್ದವಳು ಹೆಂಡತಿ.

ಭಾನುವಾರ ಸಭಾಪಾಲಕರು ಎಂಬತ್ತಮೂರನೆಯ ಹಾಡು ಎಂದರು. ಪುಟಗಳು ಸರಿದವು. ಪಿಯಾನೊ ಶುರುವಾಯಿತು, ಹಾಡು ಶುರುವಾಗಲಿಲ್ಲ.

ಪಕ್ಕದಲ್ಲಿದ್ದ ನಾದಿನಿ ಪಿಸುಗುಟ್ಟಿದಳು. "ಭಾವ, ನನ್ನ ಕನ್ನಡಕ ಕೆಟ್ಟಿದೆಯೋ, ಹಾಡೇ ಲಾಗ ಹೊಡೆದಿದೆಯೋ?"

ಅಜ್ಜ ನೋಡಿದ. ಏಳನೆಯ ಮಡಿಕೆ ಪೂರ್ತಿ ತಲೆಕೆಳಗು. ಗುಡ್ಡೆಯನ್ನೇ ತಿರುಗಿಸಿ ಇಟ್ಟುಬಿಟ್ಟಿದ್ದ. ಹಾಗಾದರೆ ಒಂದಲ್ಲ, ನೂರಿಪ್ಪತ್ತೂ.

"ನಂದು ತಲೆಕೆಳಗೆ, ಅಯ್ಯನವರೇ," ಎಂದ ಹಿಂದಿನ ಬೆಂಚಿನ ಬಸ್ ಡ್ರೈವರ್.

"ನಂದೂ."

"ಹಾಗಾದ್ರೆ ಎಲ್ಲರೂ ಪುಸ್ತಕ ತಿರುಗಿಸಿ," ಎಂದರು ಸಭಾಪಾಲಕರು. "ರಾಗ ಮಾತ್ರ ತಿರುಗಿಸ್ಬೇಡಿ."

ಮೂರು ಚರಣ ಹಾಗೇ ಸಾಗಿತು. ನಾಲ್ಕನೆಯದು ಎಂಟನೆಯ ಮಡಿಕೆಯಲ್ಲಿತ್ತು, ಅದು ನೆಟ್ಟಗಿತ್ತು. ಪುಸ್ತಕಗಳೆಲ್ಲ ಮತ್ತೆ ಗಿರಕಿ ಹೊಡೆದವು. ಅರ್ಧ ಸಭೆ ನಾಲ್ಕನೆಯ ಚರಣ ಎತ್ತಿಕೊಂಡರೆ ಇನ್ನರ್ಧ ಪುಟ ಹುಡುಕುತ್ತ ಮೂರನೆಯದನ್ನೇ ಜಗ್ಗುತ್ತಿತ್ತು. ಯಾರೋ ಕಿಸಕ್ಕೆಂದರು. ಪಿಯಾನೊ ನುಡಿಸುವ ಟೀಚರಮ್ಮ ಬೆರಳು ನಿಲ್ಲಿಸಿ ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ನಗದವರೇ ಇಲ್ಲ, ಅಜ್ಜನೊಬ್ಬನನ್ನು ಬಿಟ್ಟು.

ಅವನು ಎದ್ದು ನಿಂತ. "ತಪ್ಪು ನಂದು. ತಪ್ಪಿಲ್ಲದೆ ಮಾಡಿದ್ರೆ ಅಂಗಡಿ ನಡೆಸ್ತೀನಿ, ಇಲ್ಲಾಂದ್ರೆ ಇವತ್ತೇ ಬೀಗದ ಕೈ ನಾದಿನಿಗೆ ಅಂತ ದೇವರ ಜೊತೆ ಕರಾರು ಮಾಡ್ಕೊಂಡಿದ್ದೆ. ಕರಾರು ಮುರೀತು."

ನಗು ನಿಂತಿತು. ಸಭಾಪಾಲಕರು ಇಳಿದು ಬಂದು ಅವನ ಬೆಂಚಿನ ತುದಿಯಲ್ಲಿ ಕೂತರು.

"ಕರಾರಿಗೆ ಆತ ರುಜು ಹಾಕಿದ್ನಾ ಅಜ್ಜ?"

"ಇಲ್ಲ."

"ಮತ್ತೆ ಅದು ನೀವೊಬ್ರೇ ಬರ್ಕೊಂಡ ಚೀಟಿ. ತಪ್ಪು ಮಾಡದವರನ್ನ ಮಾತ್ರ ಆತ ಪ್ರೀತಿಸೋ ಹಾಗಿದ್ರೆ ಈ ಬೆಂಚೆಲ್ಲ ಖಾಲಿ ಇರ್ತಿತ್ತು. ಎಲ್ಲಕ್ಕೂ ಮೊದ್ಲು ನಾನು ನಿಂತಿದ್ದ ಜಾಗ."

ಅಜ್ಜ ಮೆಲ್ಲಗೆ ಕೂತ. ತಪ್ಪು ಮುಚ್ಚಿಲ್ಲ, ಎಲ್ಲರ ಕೈಯಲ್ಲೂ ಇದೆ. ಆದರೂ ತಾನು ಹೊರಗಿನವನಾಗಿಲ್ಲ. ದುಡಿದು ಗಳಿಸದ ಆ ಪ್ರೀತಿಯನ್ನು ತಪ್ಪು ಮಾಡಿ ಕಳೆದುಕೊಳ್ಳುವುದಾದರೂ ಹೇಗೆ? ಅವಳಿಲ್ಲದ ದುಃಖ ಎದ್ದು ಹೋಗಲಿಲ್ಲ, ತನ್ನ ಜಾಗದಲ್ಲೇ ಇತ್ತು. ಆದರೆ ಸಲಿಗೆಯ ನೆಂಟನಂತೆ ಸಂತೋಷವೂ ಬಂದು, ಸ್ವಲ್ಪ ಸರಿದುಕೋ ಎಂದು ಅದರ ಪಕ್ಕದಲ್ಲೇ ಕೂತುಬಿಟ್ಟಿತು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ. ಕಣ್ಣೀರು ಸುರಿಯುವ ಹಾಗೆ ಅಜ್ಜ ನಕ್ಕ. ಅವನನ್ನು ನೋಡಿ ಸಭೆ ಮತ್ತೆ ನಕ್ಕಿತು, ಹಾಡನ್ನು ಪುನಃ ಮೊದಲಿನಿಂದ ಎತ್ತಿಕೊಂಡಿತು.

ಬಾಗಿಲ ಬಳಿ ನಾದಿನಿ ಕೈ ಚಾಚಿದಳು. "ಭಾನುವಾರ ಬಂತಲ್ಲ ಭಾವ. ಬೀಗದ ಕೈ?"

"ನೂರಿಪ್ಪತ್ತು ಪುಸ್ತಕ ಬಿಚ್ಚಿ ಹೊಲಿಯೋದಿದೆ. ನೀನೂ ಬಾ, ಅಕ್ಷರ ನೋಡೋಕೆ ಜನ ಬೇಕು."

"ಕೂಲಿ ಏನು?"

"ಬೈಗುಳ."

"ಅಕ್ಕ ಅಷ್ಟಕ್ಕೇ ನಲವತ್ತೆರಡು ವರ್ಷ ದುಡಿದ್ಲಾ?"

"ಬೈತಿದ್ದವಳು ಅವಳು," ಎಂದು ಅಜ್ಜ ಪುಸ್ತಕಗಳ ಮೊದಲ ಕಟ್ಟನ್ನು ಹೆಗಲಿಗೇರಿಸಿಕೊಂಡ. "ನಾಳೆ ಎಂಟಕ್ಕೆ ಬಾಗಿಲು ತೆಗೀತೀನಿ. ಕನ್ನಡಕ ಮರೀಬೇಡ."