ಚಳಿಗೆ ಸಿಕ್ಕ ಹುಲ್ಲುಹಾಸು

೧೯೫೮ರಲ್ಲಿ ನಂದಿಬೆಟ್ಟಕ್ಕೆ ಚಳಿ ಬೇಗನೇ ಬಂತು. ಅಲ್ಲಿನ ಬಂಗಲೆಯೊಂದಕ್ಕೆ ತೋಟದ ಮೇಲ್ವಿಚಾರಕರಾಗಿ ಹೊಸದಾಗಿ ಸೇರಿದ್ದ ಅನಂತರಾಮಯ್ಯನವರಿಗೆ ಚಳಿಗಿಂತ ಹುಲ್ಲುಹಾಸಿನ ಬಣ್ಣ ನೋಡಿಯೇ ನಡುಕ. ಸಂಕ್ರಾಂತಿ ಕಳೆದ ಮೇಲೆ ಪರದೇಶದ ಅತಿಥಿಗಳು ಬರುವವರಿದ್ದರು. ಚಹಾಕೂಟ ಹುಲ್ಲಿನ ಮೇಲೆಯೇ ಎಂದು ಬಂಗಲೆಯ ಉಸ್ತುವಾರಿ ಹೊತ್ತ ಸಾಹೇಬರು ನಿಶ್ಚಯಿಸಿದ್ದರು. ಹುಲ್ಲೋ, ಬೆಳೆಯುವುದನ್ನೇ ಮರೆತು ಮಂಕಾಗಿ ಕೂತಿತ್ತು.

ಗಾಬರಿಗೆ ಬಿದ್ದು ಅನಂತರಾಮಯ್ಯ ಗೊಬ್ಬರ ಹಾಕಿಸಿದರು, ಸಂಜೆ ಸಂಜೆ ನೀರು ಬಿಡಿಸಿದರು. ಹುಲ್ಲು ಕೊಂಚ ಹಸಿರಾಯಿತು. ಅವರು ಉಸಿರು ಬಿಡುವಷ್ಟರಲ್ಲಿ, ಒಂದು ಮಂಜಿನ ಬೆಳಿಗ್ಗೆ, ಹಾಸಿನ ನಡುವೆ ತಟ್ಟೆಯಗಲದ ಕಂದು ಮಚ್ಚೆಗಳು ಕಂಡವು. ಬಗ್ಗಿ ನೋಡಿದರೆ ಎಸಳುಗಳ ಮೇಲೆ ಜೇಡರ ಬಲೆಯಂಥ ಬಿಳಿ ಬೂಷ್ಟು.

"ನಮ್ ಮಂಡಿಕಲ್ ಕಡೆ ಆಲೂಗಡ್ಡೆಗೆ ರೋಗ ಬಂದ್ರೆ ಮೈಲುತುತ್ತ, ಸುಣ್ಣ ಕಲಸಿ ಹೊಡೀತೀವಿ ಸ್ವಾಮಿ," ಎಂದ ಮಾಲಿ ಮುನಿವೆಂಕಟಪ್ಪ. "ಹುಲ್ಲಿಗೆ ಆಗ್ತದೋ ಇಲ್ವೋ, ನಂಗೊತ್ತಿಲ್ಲ."

"ಸುಟ್ಟುಹೋದ್ರೆ?"

"ಹೋದ್ರೆ ಇಬ್ರೂ ಗಂಟು ಕಟ್ಕೊಂಡು ಬೆಟ್ಟ ಇಳಿಯಣ."

ಚಳಿಗೆ ಒಣಗದ ನೀರು, ಗೊಬ್ಬರಕ್ಕೆ ಎದ್ದ ಎಳೆ ಚಿಗುರು, ಎರಡೂ ಸೇರಿ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತಾಗಿತ್ತು. ಅನಂತರಾಮಯ್ಯ ಸಂಜೆಯ ನೀರು ನಿಲ್ಲಿಸಿದರು. ಬಿಸಿಲು ಬೀಳಲೆಂದು ಮರದ ಕೊಂಬೆ ಕಡಿಸಿದರು. ಬೆಳಗಾದರೆ ಇಬ್ಬರೂ ಉದ್ದನೆಯ ಬಿದಿರಿನ ಗಳವನ್ನು ಹುಲ್ಲಿನ ಮೇಲೆ ಸವರಿ ಇಬ್ಬನಿ ಉದುರಿಸುತ್ತಿದ್ದರು. ಔಷಧಿಯನ್ನು ತೆಳ್ಳಗೆ ಮಾಡಿ ಮೊದಲು ಒಂದು ಮೂಲೆಗೆ ಮಾತ್ರ ಹೊಡೆದರು. ಮೂಲೆ ಸುಡಲಿಲ್ಲ. ಆಮೇಲೆ ಇಡೀ ಹುಲ್ಲುಹಾಸಿಗೆ ಹೊಡೆದರು. ಮಚ್ಚೆಗಳು ಹರಡುವುದು ನಿಂತಿತು. ಆದರೆ ಸತ್ತ ಜಾಗದಲ್ಲಿ ಒಂದೆಸಳೂ ಏಳಲಿಲ್ಲ. ಅನಂತರಾಮಯ್ಯನವರಿಗೆ ಊಟ ಸೇರುತ್ತಿರಲಿಲ್ಲ.

ಅತಿಥಿಗಳು ಬರುವ ಮುನ್ನಾದಿನ ಸಾಹೇಬರು ಮುಂಜಾನೆಯೇ ಬಂದರು. ಇಬ್ಬನಿ ಇನ್ನೂ ಆರಿರಲಿಲ್ಲ. ಅವರು ಬೂಟುಗಾಲನ್ನು ನೇರ ಹುಲ್ಲಿಗೆ ಇಡಹೋದರು.

"ಕಾಲಿಡಬೇಡಿ!" ಅನಂತರಾಮಯ್ಯ ಕೂಗಿಯೇಬಿಟ್ಟರು. ಹಿಂದೆಂದೂ ಮೇಲಧಿಕಾರಿಯ ಎದುರು ದನಿ ಎತ್ತಿದವರಲ್ಲ.

"ಏನ್ರೀ ಅಂದ್ರಿ?"

"ಒದ್ದೆ ಹುಲ್ಲು ತುಳಿದ್ರೆ ರೋಗ ಕಾಲಿಗಂಟಿ ಎಲ್ಲಾ ಕಡೆ ಹರಡ್ತದೆ ಸರ್. ನಾಳೇನೂ ಇದರ ಮೇಲೆ ಯಾರೂ ನಡೀಬಾರದು."

ಸಾಹೇಬರ ಮುಖ ಕೆಂಪಾಯಿತು. ಅವರು ಬೋಳು ಮಚ್ಚೆಗಳನ್ನು ನೋಡಿದರು, ಹುಲ್ಲಿಗೆ ಅಡ್ಡ ನಿಂತಿದ್ದ ಈ ಮನುಷ್ಯನನ್ನೂ ನೋಡಿದರು.

"ಕುರ್ಚಿಗಳನ್ನ ಜಗಲೀಲಿ ಹಾಕ್ಸಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಅತಿಥಿಗಳು ಜಗಲಿಯಲ್ಲೇ ಚಹಾ ಕುಡಿದರು. ಆ ವರ್ಷ ಅನಂತರಾಮಯ್ಯನವರ ಕೆಲಸ ಖಾಯಂ ಆಗಲಿಲ್ಲ. ಆದರೆ ಯಾರೂ ಅವರನ್ನು ಬೆಟ್ಟದಿಂದ ಕಳಿಸಲೂ ಇಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಅಂಚಿನ ಹುಲ್ಲು ಬೋಳು ಜಾಗಕ್ಕೆ ಮೆಲ್ಲಗೆ ಕುಡಿ ಚಾಚಿತು. ಅನಂತರಾಮಯ್ಯ ಮಂಡಿಯೂರಿ, ಕನ್ನಡಕ ಒರೆಸಿಕೊಂಡು, ಆ ಕುಡಿಗಳನ್ನೇ ನೋಡುತ್ತ ಬಹಳ ಹೊತ್ತು ಕೂತರು.